ಮೇಣದ ಗಾದ್ರಯ್ಯ ಹಿಡಿ ಇಳಿಸಿದ ದಿನ

ಬಹಳ ಹಿಂದೆ, ಎಷ್ಟು ಹಿಂದೆ ಎಂದು ಬೆರಳು ಮಡಿಚಿ ಹೇಳಲಾಗದಷ್ಟು ಹಿಂದೆ, ಪಚ್ಚೆಕಲ್ಲಹಟ್ಟಿ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ಆದರೆ ಆಗಿನ ಊರೇ ಬೇರೆ. ಆಗ ಊರ ಹಿಂದಿನ ಗುಡ್ಡದ ಹೊಟ್ಟೆಯಲ್ಲಿ ತಾಮ್ರವಿತ್ತು. ತಾಮ್ರ ತೆಗೆಯಲು ತೋಡಿದ ಗಣಿಯಿತ್ತು. ಆ ಗಣಿಯ ಕರೆಂಟ್ ಮನೆಯಲ್ಲಿ ಗಾದ್ರಯ್ಯ ಅಂತ ಒಬ್ಬನಿದ್ದ. ಮೇಣದ ಗಾದ್ರಯ್ಯ ಅಂತ ಕರೆಯುತ್ತಿದ್ದರು. ಅವನನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಕಂಡವರಿಂದ ಕೇಳಿದವರು, ಕೇಳಿದವರಿಂದ ಕೇಳಿದವರು ಹೇಳುವ ಮಾತು ಇದು. ಕೂತು ಕೇಳಿ.

ಆ ಗುಡ್ಡದ ಗುಣವೇ ವಿಚಿತ್ರ. ಮೇಲೆ ನಿಂತರೆ ಜಾಲಿ, ಕಳ್ಳಿ, ಕಾದ ಕಲ್ಲು. ಒಳಗಿಳಿದರೆ ಗೋಡೆಗೋಡೆಯಲ್ಲೂ ನೀರು. ಅಗೆದಷ್ಟೂ ನೀರು. ಊರ ಹೆಂಗಸರು ಒಂದು ಕೊಡಕ್ಕೆ ಅರ್ಧ ಹರದಾರಿ ನಡೆಯುತ್ತಿದ್ದ ಕಾಲದಲ್ಲಿ ಗಣಿಯ ತಳದಲ್ಲಿ ನಾಲ್ಕು ಪಂಪುಗಳು ಹಗಲೂ ರಾತ್ರಿ ನೀರೆತ್ತಿ ಹಳ್ಳಕ್ಕೆ ಚೆಲ್ಲುತ್ತಿದ್ದವು. ಪಂಪು ಓಡುವುದು ಕರೆಂಟಿನಿಂದ. ಆಳುಗಳನ್ನು ಇಳಿಸಿ ಹತ್ತಿಸುವ ಕಬ್ಬಿಣದ ತೊಟ್ಟಿಲು ಓಡುವುದು ಕರೆಂಟಿನಿಂದ. ಒಳಗೆ ಗಾಳಿ ಊದುವುದು, ದೀಪ ಉರಿಯುವುದು, ಎಲ್ಲ ಕರೆಂಟಿನಿಂದ. ಕರೆಂಟು ನಿಂತರೆ ಒಳಗಿದ್ದವನಿಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ, ದಾರಿಯೂ ಇಲ್ಲ. ನೀರು ಮಾತ್ರ ಏರುತ್ತಾ ಬರುತ್ತಿತ್ತು.

ಒಂದು ದಿನ ಹಾಗೇ ಆಯಿತು. ಆಗ ಗಾದ್ರಯ್ಯ ಇನ್ನೂ ಕರೆಂಟ್ ಮನೆಯ ಕಸ ಗುಡಿಸುವ ಆಳು. ಮೀಸೆ ಚಿಗುರುತ್ತಿದ್ದ ಕಾಲ. ಬೆಳಗಿನ ಪಾಳಿಯವರು ಇಳಿದು ಸ್ವಲ್ಪ ಹೊತ್ತಾಗಿತ್ತು. ಕರೆಂಟ್ ಮನೆಯ ಗೋಡೆಯ ಬುಡದಲ್ಲಿ, ದಪ್ಪ ಕೇಬಲ್ಲಿಗೆ ಕೇಬಲ್ಲು ಕೂಡುವ ಜಾಗದಲ್ಲಿ, ಢಬ್ ಅಂತ ಸದ್ದಾಯಿತಂತೆ. ನೀಲಿ ಬೆಂಕಿ ಎದ್ದಿತಂತೆ. ಆಮೇಲೆ ಎಲ್ಲ ಸದ್ದೂ ನಿಂತುಹೋಯಿತು. ಹುಟ್ಟಿದಾಗಿನಿಂದ ಕೇಳಿದ ಪಂಪಿನ ಸದ್ದು ನಿಂತದ್ದು ಕೇಳಿ ಊರಿನ ನಾಯಿಗಳು ಬೊಗಳಿದವು ಅಂತಾರೆ. ಆ ಕರೆಂಟು ಮರುದಿನ ಬೆಳಗಿನ ತನಕ ಬರಲಿಲ್ಲ. ತೊಟ್ಟಿಲು ನಡುವೆ ತೂಗಾಡುತ್ತಾ ನಿಂತಿತ್ತು. ಮೇಲಿನ ಮಜಲುಗಳಲ್ಲಿದ್ದವರು ಏಣಿ ಹಿಡಿದು ಬಂದರು. ತಳದಲ್ಲಿದ್ದ ಐದು ಜನ ಬರಲಿಲ್ಲ. ಆ ಐದರಲ್ಲಿ ಒಬ್ಬ ಗಾದ್ರಯ್ಯನ ಅಣ್ಣ ಓಬಯ್ಯ.

ಹೆಣಗಳನ್ನು ಎತ್ತಿದವರು ಇಬ್ಬರು. ಒಬ್ಬ ಗಾದ್ರಯ್ಯ, ಇನ್ನೊಬ್ಬ ಅವನ ಓರಗೆಯ ಪಾಲಯ್ಯ. ಪಾಲಯ್ಯ ಪಂಪಿನ ಆಳು. ಅವತ್ತು ಅವನ ಪಾಳಿ ಸಂಜೆಗಿತ್ತು, ಅಷ್ಟಕ್ಕೇ ಉಳಿದಿದ್ದ. ಅವತ್ತಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವಷ್ಟು ಗೆಳೆಯರಾದರು ಅಂತಾರೆ.

ಗಣಿಯ ದೊಡ್ಡವರು ಬಂದರು, ನೋಡಿದರು, ದೈವಚಿತ್ತ ಅಂದರು, ಹೋದರು. ಗಾದ್ರಯ್ಯ ಮಾತ್ರ ಸುಟ್ಟ ಕೇಬಲ್ಲಿನ ತುಂಡನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದ. ತಿರುಗಿಸಿ ತಿರುಗಿಸಿ ನೋಡಿದ. ಆ ತಾಮ್ರದ ಮೇಲಿನ ಮಸಿ ಹೊಸದಾಗಿರಲಿಲ್ಲ. ವರ್ಷಗಟ್ಟಲೆ ಒಲೆಯ ಮೇಲಿದ್ದ ಮಡಕೆಯ ತಳದ ಹಾಗೆ ಪದರು ಪದರಾಗಿ ಕೂತಿತ್ತು.

"ಇದು ಇವತ್ತು ಸತ್ತಿದ್ದಲ್ಲ ಕಣೋ ಪಾಲಯ್ಯ," ಅಂದನಂತೆ. "ಎಷ್ಟೋ ದಿನದಿಂದ ಸಾಯ್ತಾ ಇತ್ತು. ನಾನು ದಿನಾ ಇದರ ಪಕ್ಕದಾಗೇ ಕಸ ಹೊಡೀತಿದ್ದೆ. ನೋಡಲಿಲ್ಲ."

ಅವನ ಬಾಳೆಲ್ಲ ಆ ಒಂದು ಮಾತಿನಿಂದ ಹೊರಟಿತು.

ಗಾದ್ರಯ್ಯನ ತಾಯಿಯ ಕಡೆಯವರು ಗುಡ್ಡದ ಬಂಡೆಯ ಹೆಜ್ಜೇನು ಇಳಿಸುವವರು. ಅವರ ಮನೆಯಲ್ಲಿ ಯಾವಾಗಲೂ ಮೇಣದ ಉಂಡೆ ಇರುತ್ತಿತ್ತು. ಆ ಮೇಣವನ್ನು ತಂದ. ಆ ಕಾಲದಲ್ಲಿ ಅಮಾವಾಸ್ಯೆಯ ದಿನ ಯಾರೂ ಗಣಿಗೆ ಇಳಿಯುತ್ತಿರಲಿಲ್ಲ. ಆ ದಿನ ಮೇಸ್ತ್ರಿಯ ಕಾಲು ಹಿಡಿದು ಕರೆಂಟು ನಿಲ್ಲಿಸಿಕೊಂಡು, ತಂತಿಗೆ ತಂತಿ ಕೂಡುವ ಜಾಗದಲ್ಲೆಲ್ಲ ತೊಗರಿಕಾಳಿನಷ್ಟು ಮೇಣ ಅಂಟಿಸಿದ. ಮರುದಿನದಿಂದ ದಿನಕ್ಕೆ ಎರಡು ಸಲ ಜಾಲರಿಯ ಈಚೆ ನಿಂತು ಒಂದೊಂದೇ ಕಾಳನ್ನು ನೋಡುತ್ತಾ ಹೋಗುತ್ತಿದ್ದ. ಮೇಣ ಗಟ್ಟಿಯಾಗಿ ಕೂತಿದ್ದರೆ ಅಲ್ಲಿ ಎಲ್ಲ ಸರಿ. ಮೆತ್ತಗಾಗಿ ಜಾರಿದ್ದರೆ ಅಲ್ಲಿ ಸಡಿಲ, ಸಡಿಲವಾದಲ್ಲಿ ಬಿಸಿ, ಬಿಸಿಯಾದಲ್ಲಿ ಮುಂದೊಂದು ದಿನ ಬೆಂಕಿ. ಮುಂದಿನ ಅಮಾವಾಸ್ಯೆಗೆ ಅದನ್ನು ಬಿಚ್ಚುತ್ತಿದ್ದ, ಉಜ್ಜುತ್ತಿದ್ದ, ಬಿಗಿಯುತ್ತಿದ್ದ. ತಂತಿ ಹೊರುವ ಪಿಂಗಾಣಿ ಬಟ್ಟಲುಗಳ ಮೇಲೆ ಕೂತ ಅದಿರಿನ ಧೂಳನ್ನು ಒರೆಸುತ್ತಿದ್ದ. ಟ್ರಾನ್ಸ್‌ಫಾರ್ಮರ್ ಅನ್ನುವ ದೊಡ್ಡ ಪೆಟ್ಟಿಗೆಯ ಎಣ್ಣೆಯನ್ನು ಒಂದು ಚಮಚ ತೆಗೆದು ಕಾಯಿಸುತ್ತಿದ್ದ. ಚಟಚಟ ಅಂದರೆ ಎಣ್ಣೆಗೆ ನೀರು ಸೇರಿದೆ ಅಂತ ಲೆಕ್ಕ, ಅಂದೇ ಎಣ್ಣೆ ಸೋಸಬೇಕು. ಓತಿಕ್ಯಾತ ನುಗ್ಗುವ ತೂತನ್ನೂ ಬಿಡದೆ ಸುಣ್ಣ ಮೆತ್ತುತ್ತಿದ್ದ.

ಕಸ ಗುಡಿಸುವವನನ್ನೇ ಕೊನೆಗೆ ಕರೆಂಟ್ ಮನೆಯ ಯಜಮಾನ ಮಾಡಿದರು. ಅಲ್ಲಿಂದ ಮುಂದೆ ಹನ್ನೆರಡು ವರ್ಷ ಅನ್ನುವವರಿದ್ದಾರೆ, ಹದಿನೆಂಟು ಅನ್ನುವವರಿದ್ದಾರೆ, ಒಂದು ದಿನವೂ ಆ ಗಣಿಯ ಕರೆಂಟು ತಾನಾಗಿ ಹೋಗಲಿಲ್ಲ.

ಆಗಲೇ ಕಥೆಗಳು ಹುಟ್ಟಿದ್ದು. ಹೆಜ್ಜೇನು ಬಂದು ಅವನ ಕಿವಿಯಲ್ಲಿ ಹೇಳಿ ಹೋಗುತ್ತದೆ ಅಂತಾರೆ. ಬರಿಗಾಲಲ್ಲಿ ನೆಲ ಮೆಟ್ಟಿ ಮಣ್ಣಿನಡಿಯ ಕೇಬಲ್ಲಿನ ಜ್ವರ ಹೇಳುತ್ತಿದ್ದ ಅಂತಾರೆ. ಒಂದು ಸಲ ಸಂತೆಯಲ್ಲಿ ಈರುಳ್ಳಿ ಆರಿಸುತ್ತಿದ್ದವನು ಮೂಗೆತ್ತಿ ಗಾಳಿ ಮೂಸಿ, ಈರುಳ್ಳಿ ಬಿಟ್ಟು ಎರಡು ಹರದಾರಿ ಓಡಿ ಬಂದು ಸುಡುತ್ತಿದ್ದ ಒಂದು ಸ್ವಿಚ್ಚನ್ನು ಉಳಿಸಿದ ಅಂತಾರೆ. ಹೌದೋ ಅಲ್ಲವೋ, ಹೇಳುವವರು ಹೇಳುತ್ತಾರೆ. ಅವನನ್ನೇ ಕೇಳಿದರೆ ಮಾತ್ರ, "ಜೇನೂ ಇಲ್ಲ, ಜ್ವರಾನೂ ಇಲ್ಲ. ದಿನಾ ನೋಡ್ತೀನಿ, ಅಷ್ಟೇ," ಅನ್ನುತ್ತಿದ್ದನಂತೆ.

ಅಷ್ಟು ವರ್ಷ ಏನೂ ಆಗಲಿಲ್ಲ. ಏನೂ ಆಗದೆ ಇದ್ದುದೇ ಅವನಿಗೆ ಮುಳುವಾಯಿತು.

ಗಣಿಗೆ ಹೊಸ ಮ್ಯಾನೇಜರ್ ಬಂದ. ಕೆಟ್ಟ ಮನುಷ್ಯನಲ್ಲ, ಅವಸರದ ಮನುಷ್ಯ. ಮೇಲಿನವರು ಅದಿರು ಅದಿರು ಅಂತ ಅವನ ಬೆನ್ನು ಹತ್ತಿದ್ದರು. ಅವನು ಅಮಾವಾಸ್ಯೆಯ ಬಿಡುವನ್ನು ತೆಗೆದುಹಾಕಿದ. ಗಾದ್ರಯ್ಯ ಹೋಗಿ ಕೈಮುಗಿದು ನಿಂತು, ತಿಂಗಳಿಗೆ ನಾಲ್ಕು ಗಂಟೆ ಕರೆಂಟು ನಿಲ್ಲಿಸಲೇಬೇಕು ಸ್ವಾಮಿ ಅಂದ.

"ಯಾವತ್ತಾದರೂ ಕೆಟ್ಟಿದೆಯಾ?" ಅಂತ ಕೇಳಿದ ಮ್ಯಾನೇಜರ್.

"ಇಲ್ಲ ಸ್ವಾಮಿ."

"ಮತ್ತೆ? ಓಡೋ ಎತ್ತನ್ನ ನಿಲ್ಲಿಸಿ ಕಾಲು ನೋಡ್ತಾರೇನಯ್ಯಾ?"

ಓಡುವ ಎತ್ತಿನ ಕಾಲನ್ನೇ ನೋಡಬೇಕು ಅಂತ ಹೇಳಲು ಗಾದ್ರಯ್ಯನಿಗೆ ಬಾಯಿ ಬರಲಿಲ್ಲ. ತಿರುಗಿ ಬಂದ. ಒಂದು ಅಮಾವಾಸ್ಯೆ ಹೋಯಿತು. ಎರಡು ಹೋಯಿತು. ಏಳು ಅಮಾವಾಸ್ಯೆ ಹೋಯಿತು. ಏಳನೆಯದು ಕಳೆದ ಮೇಲೆ, ಹಿಂದೆ ಢಬ್ ಅಂದಿತ್ತಲ್ಲ, ಅದೇ ಗೋಡೆಯ ಬುಡದಲ್ಲಿ, ಅದೇ ದೊಡ್ಡ ಕೇಬಲ್ಲು ಕೂಡುವ ಜಾಗದಲ್ಲಿ ಮೇಣ ಮೆತ್ತಗಾಯಿತು. ಮರುದಿನ ಜಾರಿತು. ಅದರ ಮರುದಿನ ತೊಟ್ಟಿಕ್ಕಿ ನೆಲಕ್ಕೆ ಬಿತ್ತು. ಗಾದ್ರಯ್ಯನಿಗೆ ಅನ್ನ ಸೇರಲಿಲ್ಲ. ಕಣ್ಣು ಮುಚ್ಚಿದರೆ ಅಣ್ಣ ಓಬಯ್ಯನ ಊದಿದ ಕೈ ಕಾಣುತ್ತಿತ್ತು.

ಪಾಲಯ್ಯನಿಗೆ ಹೇಳಿದ. ಆ ಹೊತ್ತಿಗೆ ಪಾಲಯ್ಯ ತಳದ ಪಂಪುಗಳಿಗೆಲ್ಲ ಹಿರಿಯಾಳು. ಮಾರಕ್ಕನನ್ನು ಮದುವೆಯಾಗಿ ಎರಡು ಹೆಣ್ಣುಮಕ್ಕಳ ತಂದೆ. ಮಾತು ಕಡಿಮೆ, ನಗು ಜಾಸ್ತಿ.

"ಒಬ್ಬನೇ ಹೋದರೆ ಕೇಳಲ್ಲ. ಇಬ್ಬರೂ ಹೋಗಾಣ ನಡಿ," ಅಂದ ಪಾಲಯ್ಯ.

ಇಬ್ಬರೂ ಹೋದರು. ಗಾದ್ರಯ್ಯ ಮೇಣದ ಮಾತು ಹೇಳಿದ. ಪಾಲಯ್ಯ ನೀರಿನ ಮಾತು ಹೇಳಿದ: ಪಂಪು ನಿಂತರೆ ತಳದ ಮಜಲು ತುಂಬಲು ಎಷ್ಟು ಹೊತ್ತು, ಅದರ ಮೇಲಿನದು ತುಂಬಲು ಎಷ್ಟು ಹೊತ್ತು. ಮ್ಯಾನೇಜರ್ ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡ. ಕೊನೆಗೆ, ಬುಧವಾರ ಬೆಳಗಿನ ಪಾಳಿಯ ನಡುವೆ ನಾಲ್ಕು ಗಂಟೆ ಕೊಟ್ಟಿದ್ದೇನೆ, ಅದರ ಮೇಲೆ ಒಂದು ನಿಮಿಷವೂ ಇಲ್ಲ ಅಂದ.

ಇಬ್ಬರೂ ಹೊರಗೆ ಬಂದು ಬೇವಿನ ಮರದ ಬುಡದಲ್ಲಿ ಕೂತು ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದರಂತೆ. ಅದೇ ಕೊನೆಯ ಸಲ.

ಬುಧವಾರ ಬಂತು. ಸೈರನ್ ಕೂಗಿತು. ಒಳಗಿದ್ದವರು ತೊಟ್ಟಿಲು ಹತ್ತಿ ಮೇಲೆ ಬರತೊಡಗಿದರು. ಗಣಿಯ ಬಾಯಲ್ಲಿ ಒಂದು ಹಲಗೆಯಿತ್ತು, ಹಲಗೆಯ ತುಂಬ ಮೊಳೆ. ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿಯಬೇಕು, ಬಂದಾಗ ಮತ್ತೆ ನೇತುಹಾಕಬೇಕು. ಖಾಲಿ ಮೊಳೆ ಕಂಡರೆ ಒಬ್ಬ ಇನ್ನೂ ಒಳಗಿದ್ದಾನೆ ಅಂತ.

ತಳದ ಮಜಲಿಗೆ ತೊಟ್ಟಿಲು ಹೋಗುತ್ತಿರಲಿಲ್ಲ. ಅದರ ಮೇಲಿನ ಮಜಲಿನ ತನಕ ತೊಟ್ಟಿಲು, ಅಲ್ಲಿಂದ ಕೆಳಕ್ಕೆ ಏಣಿ. ಪಾಲಯ್ಯನೂ, ಅವನ ಕೈಕೆಳಗಿನ ತಿಪ್ಪಯ್ಯನೂ ಏಣಿ ಹತ್ತಿ ತೊಟ್ಟಿಲ ಬಳಿ ಬಂದರು. ಅಲ್ಲಿ ಪಾಲಯ್ಯ ನಿಂತುಬಿಟ್ಟ. ನಾಲ್ಕು ಗಂಟೆ ಪಂಪು ನಿಂತರೆ ಗೋಡೆಯಿಂದ ಸೋರಿ ತಳದ ಕಾಲುವೆಗೆ ಬೀಳುವ ನೀರು ಪಂಪಿನ ಕಡೆ ನುಗ್ಗುತ್ತದೆ, ಮೋಟಾರು ನೆನೆಯುತ್ತದೆ, ನೆನೆದ ಮೋಟಾರನ್ನು ಓಡಿಸಿದರೆ ಸುಡುತ್ತದೆ. ಅದಕ್ಕೇ ಬೆಳಗಿನಿಂದ ಕಾಲುವೆಗೆ ಅಡ್ಡಲಾಗಿ ಮಣ್ಣಿನ ಚೀಲ ಪೇರಿಸಿದ್ದ. ಕೆಳಗೆ ಇನ್ನೂ ಎರಡು ಚೀಲ ಇಡುವುದು ಉಳಿದಿತ್ತು.

"ನೀನು ನಡಿ ತಿಪ್ಪಯ್ಯ. ಎರಡು ಚೀಲ ಐತೆ, ಇಟ್ಟು ಮುಂದಿನ ತೊಟ್ಟಿಲಾಗೆ ಬರ್ತೀನಿ. ನನ್ ಬಿಲ್ಲೆನೂ ತಗಂಡೋಗಿ ಹಾಕ್ಬಿಡು, ಮೇಲೆ ನೂಕುನುಗ್ಗಲು," ಅಂದ.

ತಿಪ್ಪಯ್ಯ ಬಿಲ್ಲೆ ತೆಗೆದುಕೊಂಡ. ಇದು ದಿನದ ಮಾತು. ಎಲ್ಲರೂ ಎಲ್ಲರ ಬಿಲ್ಲೆ ಹಾಕುತ್ತಿದ್ದರು. ಮೇಲೆ ಬಂದು ಎರಡು ಮೊಳೆಗೆ ಎರಡು ಬಿಲ್ಲೆ ಹಾಕಿದ, ಹಲಗೆಯ ಬಳಿ ಕೂತ ಗುಮಾಸ್ತನಿಗೆ ಹೇಳಬೇಕು ಅಂದುಕೊಂಡ. ಅಷ್ಟರಲ್ಲಿ ಯಾರೋ ಕರೆದರು, ಚಹಾ ಕುಡಿಯಲು ಹೋದ.

ಗಾದ್ರಯ್ಯ ಕರೆಂಟ್ ಮನೆಯ ಬಾಗಿಲಲ್ಲಿ ನಿಂತು ಕೂಗಿ ಕೇಳಿದ: "ಎಲ್ಲಾ ಬಂದ್ರಾ?"

ಗುಮಾಸ್ತ ಕೂಗಿ ಹೇಳಿದ: "ಹಲಗೆ ತುಂಬೈತೆ!"

ಗಾದ್ರಯ್ಯ ದೊಡ್ಡ ಸ್ವಿಚ್ಚಿನ ಹಿಡಿ ಇಳಿಸಿದ.

ನಾನು ಕೇಳಿದ್ದು ಮನುಷ್ಯರ ಸುದ್ದಿ, ಅವನು ಹೇಳಿದ್ದು ಹಲಗೆಯ ಸುದ್ದಿ, ಆ ಹೊತ್ತಿನಲ್ಲಿ ನನಗೆ ಅದು ತಿಳಿಯದೆ ಹೋಯಿತಲ್ಲ ಅಂತ ಗಾದ್ರಯ್ಯ ಸಾಯುವ ತನಕ ಹೇಳುತ್ತಿದ್ದನಂತೆ.

ಪಂಪಿನ ಸದ್ದು ನಿಂತಿತು. ಗಾದ್ರಯ್ಯ ಗೋಡೆಯ ಬುಡಕ್ಕೆ ಕೂತು ಸೀಸದ ಕವಚ ಬಿಚ್ಚಿದ. ಒಳಗೆ ಸುತ್ತಿದ್ದ ಎಣ್ಣೆ ಕಾಗದ ಕೈಗೆ ಇದ್ದಿಲಾಗಿ ಉದುರಿತು. ಅದರೊಳಗಿನ ತಾಮ್ರ, ಹೆಬ್ಬೆರಳಿನಷ್ಟು ದಪ್ಪ ಇರಬೇಕಾದದ್ದು, ಪೊರಕೆಯ ಕಡ್ಡಿಯಷ್ಟಾಗಿತ್ತು. ಇನ್ನು ಎಷ್ಟು ದಿನವೋ. ಇನ್ನು ಎಷ್ಟು ಹೊತ್ತೋ. ಗಾದ್ರಯ್ಯ ಆ ತುಂಡನ್ನು ಕತ್ತರಿಸಿ ಎತ್ತಿ ಹಿಡಿದು ನಕ್ಕನಂತೆ. ಕೂಸಿನ ಹಾಗೆ ನಕ್ಕನಂತೆ. "ಸಿಕ್ಕಿದ ಕಳ್ಳ! ಬನ್ರೋ, ನೋಡ್ಬನ್ರೋ!" ಅಂತ ಎಲ್ಲರನ್ನೂ ಕರೆದು ತೋರಿಸಿದನಂತೆ. ಪಾಲಯ್ಯನಿಗೆ ತೋರಿಸಬೇಕು ಅಂತ ಕಣ್ಣಲ್ಲೇ ಹುಡುಕಿದ. ಕಾಣಲಿಲ್ಲ. ಉಣ್ಣಲು ಮನೆಗೆ ಹೋಗಿರಬೇಕು ಅಂದುಕೊಂಡು ಕೆಲಸಕ್ಕೆ ಕೂತ.

ತಾನು ನಕ್ಕ ಆ ಹೊತ್ತನ್ನು ಅವನು ಆಮೇಲೆ ಯಾವತ್ತೂ ಕ್ಷಮಿಸಿಕೊಳ್ಳಲಿಲ್ಲ.

ಅದೇ ಹೊತ್ತಿಗೆ ಮಾರಕ್ಕ ಬುತ್ತಿ ಹೊತ್ತು ಗಣಿಯ ಬಾಯಿಗೆ ಬಂದಿದ್ದಳು. ನಿನ್ನ ಗಂಡ ಮೇಲೆ ಬಂದಿದ್ದಾನೆ, ಬಿಲ್ಲೆ ನೋಡು ಅಂದರು. ಹಾಗಾದರೆ ಕಾಲುದಾರಿಯಲ್ಲಿ ಮನೆಗೆ ಹೋಗಿರಬೇಕು ಅಂತ ಬಿಸಿಲಲ್ಲಿ ತಿರುಗಿ ನಡೆದಳು. ಮನೆಯಲ್ಲಿ ಇರಲಿಲ್ಲ. ಮತ್ತೆ ಬುತ್ತಿ ಹೊತ್ತು ಬಂದಳು. ಅಷ್ಟರಲ್ಲಿ ಗಾದ್ರಯ್ಯನ ಕೆಲಸ ಮುಗಿದು, ನಾಲ್ಕು ಗಂಟೆಗೆ ಇನ್ನೂ ಸ್ವಲ್ಪ ಉಳಿದಿರುವಾಗಲೇ ಹಿಡಿ ಎತ್ತಿದ್ದ. ಪಂಪು ಚಾಲೂ ಮಾಡಲು ಪಾಲಯ್ಯನನ್ನು ಕೂಗುತ್ತಿದ್ದರು.

"ಮನೆಗೂ ಬಂದಿಲ್ಲ," ಅಂದಳು ಮಾರಕ್ಕ.

ತಿಪ್ಪಯ್ಯ ಅಲ್ಲೇ ನಿಂತಿದ್ದ. ಅವನ ಮುಖ ನೋಡಿದವರು ಇನ್ನೊಂದು ಮಾತು ಕೇಳಬೇಕಾಗಲಿಲ್ಲ.

ನಾಲ್ಕು ಜನ ಇಳಿದರು. ಗಾದ್ರಯ್ಯನೂ ಇಳಿದ. ಪಾಲಯ್ಯ ಏಣಿಯ ಬುಡದಲ್ಲಿದ್ದ. ಚೀಲಗಳನ್ನು ಇಟ್ಟು ಏಣಿ ಹತ್ತುತ್ತಿದ್ದಾಗ ದೀಪ ಹೋಗಿರಬೇಕು, ಕತ್ತಲಲ್ಲಿ ಕಾಲು ತಪ್ಪಿರಬೇಕು. ಬಿದ್ದ ಕೂಡಲೇ ಹೋದನೋ, ಆ ನಾಲ್ಕು ಗಂಟೆ ಕತ್ತಲಲ್ಲಿ ಕೂಗುತ್ತಾ ಇದ್ದನೋ, ಅದರ ಬಗ್ಗೆ ಇಳಿದವರಲ್ಲಿ ಒಬ್ಬರೂ ಸಾಯುವ ತನಕ ಬಾಯಿ ಬಿಡಲಿಲ್ಲ. ಚೀಲಗಳು ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು. ತಳದಲ್ಲಿ ಪಾದ ಮುಳುಗುವಷ್ಟೇ ನೀರು. ಮೋಟಾರು ನೆನೆದಿರಲಿಲ್ಲ. ಗೆಳೆಯನ ಹೆಣದ ಮುಂದೆ ನಿಂತು ಮೋಟಾರು ನೆನೆದಿಲ್ಲ ಅಂತ ತನ್ನ ಕಣ್ಣು ನೋಡಿಬಿಟ್ಟಿತಲ್ಲ ಅಂತ ಗಾದ್ರಯ್ಯ ಗೋಡೆಗೆ ಹಣೆ ಬಡಿದುಕೊಂಡನಂತೆ.

ಆಮೇಲೆ ಮಾತು ತಿರುಗಿತು. ಊರಿನ ಮಾತು ಯಾವಾಗಲೂ ತಗ್ಗು ಇದ್ದ ಕಡೆ ಹರಿಯುತ್ತದೆ. ತಾನಾಗಿ ಓಡುತ್ತಿದ್ದ ಕರೆಂಟನ್ನು ನಿಲ್ಲಿಸಿ ಆಳು ಕೊಂದವನು ಅಂದರು ಗಾದ್ರಯ್ಯನನ್ನು. ಆ ಕೇಬಲ್ಲು ಇನ್ನೂ ಹತ್ತು ವರ್ಷ ಓಡುತ್ತಿತ್ತೇನೋ, ಯಾರು ಕಂಡರು ಅಂದರು. ತಿಪ್ಪಯ್ಯನನ್ನು ಯಾರೂ ಏನೂ ಅನ್ನಲಿಲ್ಲ. ಒಂದಲ್ಲ ಒಂದು ದಿನ ಇನ್ನೊಬ್ಬರ ಬಿಲ್ಲೆ ನೇತುಹಾಕದವನು ಆ ಗಣಿಯಲ್ಲಿ ಯಾರೂ ಇರಲಿಲ್ಲ. ಆದರೂ ತಿಪ್ಪಯ್ಯ ಊರು ಬಿಟ್ಟು ಹೋದ. ಎಲ್ಲಿಗೆ ಹೋದನೋ ತಿಳಿಯಲಿಲ್ಲ. ಮ್ಯಾನೇಜರ್, ಇನ್ನು ಮುಂದೆ ಕರೆಂಟು ನಿಲ್ಲಿಸುವ ಮಾತೇ ಇಲ್ಲ ಅಂತ ಬರೆದು ಅಂಟಿಸಿದ. ಕೆಲಸದವರೂ ಅದೇ ಸರಿ ಅಂದರು.

ಹನ್ನೊಂದನೆಯ ದಿನ ಕಳೆದ ಮೇಲೆ ಗಾದ್ರಯ್ಯ ಆ ತಾಮ್ರದ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾರಕ್ಕನ ಮನೆಗೆ ಹೋದ. ಅವಳು ಹೊಸಿಲಲ್ಲಿ ಕೂತಿದ್ದಳು. ಒಳಗೆ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಅವನು ಅಂಗಳದಲ್ಲೇ ಕುಕ್ಕರಗಾಲಲ್ಲಿ ಕೂತು ಬಟ್ಟೆ ಬಿಚ್ಚಿ ತೋರಿಸಿದ. ಮಾರಕ್ಕ ಅದನ್ನು ಕೈಗೆತ್ತಿಕೊಂಡಳು. ಬೆರಳಿಗೆ ಮಸಿ ಹತ್ತಿತು.

"ಇದು ಎಷ್ಟು ದಿನ ತಡೀತಿತ್ತು?" ಅಂತ ಕೇಳಿದಳು.

"ಗೊತ್ತಿಲ್ಲ ಮಾರಕ್ಕ. ಎರಡು ದಿನವೋ, ಒಂದು ತಿಂಗಳೋ."

"ಒಂದು ತಿಂಗಳು ಅಂದ್ರೆ ಒಂದು ತಿಂಗಳು ಅವನು ಮನೇಲಿ ಉಣ್ತಿದ್ದ."

ಗಾದ್ರಯ್ಯ ಬಿಚ್ಚಿದ ಬಟ್ಟೆಯನ್ನು ಮಡಿಚಿದ.

"ತಿಂಗಳಾದ ಮೇಲೆ?" ಅಂದಳು.

"ತೊಂಬತ್ತು ಜನ ಇಳೀತಾರೆ. ಯಾವ ಪಾಳೀಲಿ ಹೋಗ್ತಿತ್ತೋ. ಯಾರ್ಯಾರು ಹೋಗ್ತಿದ್ರೋ."

"ಅವರು ಯಾರೂ ಹೋಗ್ಲಿಲ್ಲ. ಇವನು ಹೋದ," ಅಂದಳು ಮಾರಕ್ಕ. ತುಂಡನ್ನು ಅವನ ಮುಂದೆ ನೆಲದ ಮೇಲಿಟ್ಟು ಸೆರಗಿಗೆ ಕೈ ಒರೆಸಿಕೊಂಡಳು. "ನಿನ್ನ ತಪ್ಪಿಲ್ಲ ಅಂತ ನಾನು ಹೇಳಲಿ ಅಂತ ಇಲ್ಲಿಗೆ ಬಂದ್ಯಾ? ನಾನು ಹೇಳಲ್ಲ. ಎದ್ದು ಹೋಗು."

ಅವನು ಎದ್ದು ಹೋದ.

ಅಲ್ಲಿಂದ ಗಾದ್ರಯ್ಯ ಕಸ ಗುಡಿಸುವ ಕಾಲದಲ್ಲಿ ಇದ್ದ ಹಾಗೆ ತಲೆ ತಗ್ಗಿಸಿ ಬಂದು ತಲೆ ತಗ್ಗಿಸಿ ಹೋಗುತ್ತಿದ್ದ. ಹಿಡಿಯ ಕಡೆ ನೋಡುತ್ತಿರಲಿಲ್ಲ. ಆದರೆ ಮೇಣ ನೋಡುವ ಅಭ್ಯಾಸ ಕಣ್ಣು ಬಿಡಲಿಲ್ಲ. ಒಂದು ಮಳೆಗಾಲ ಕಳೆಯಿತು. ಜಾಲಿ ಹೂಬಿಡುವ ಹೊತ್ತಿಗೆ ತೊಟ್ಟಿಲು ಎಳೆಯುವ ಮೋಟಾರಿನ ಸ್ವಿಚ್ಚಿನ ಮೇಲೆ ಒಂದು ಕಾಳು ಮೇಣ ಮಿರುಗುವುದನ್ನು ಕಂಡ. ನೋಡಿಲ್ಲ ಅಂದುಕೊಂಡ. ಮರುದಿನ ಅದು ಜಾರಿತ್ತು. ಒಂಬತ್ತು ದಿನ ಬಾಯಿ ಬಿಡಲಿಲ್ಲ ಅಂತಾರೆ. ಪ್ರತಿ ಸಲ ತೊಟ್ಟಿಲು ಇಳಿದಾಗಲೂ ಉಸಿರು ಹಿಡಿದು ನಿಲ್ಲುತ್ತಿದ್ದ, ಮೇಲೆ ಬಂದಾಗ ಬಿಡುತ್ತಿದ್ದ. ಹೇಳಿದರೆ ಮತ್ತೆ ಹಿಡಿ ಇಳಿಸಬೇಕು. ಹೇಳದಿದ್ದರೆ ಮತ್ತೆ ಓಬಯ್ಯ. ಎರಡರ ನಡುವೆ ಸವೆದು ಅರ್ಧವಾದ.

ಹತ್ತನೆಯ ದಿನ ಹೋದ. ಮ್ಯಾನೇಜರ್ ಹತ್ತಿರ ಹೋಗಲಿಲ್ಲ. ಮಾರಕ್ಕನ ಹತ್ತಿರ ಹೋದ.

ಅವಳು ಮೊರದಲ್ಲಿ ನವಣೆ ಕೇರುತ್ತಿದ್ದಳು.

"ಮಾರಕ್ಕ, ಮೇಣ ಕರಗ್ತಾ ಐತೆ," ಅಂದ.

ಮೊರ ನಿಂತಿತು. "ನನ್ ಹತ್ರ ಯಾಕೆ ಬಂದೆ?"

"ಬೇರೆ ಯಾರ ಹತ್ರ ಹೋಗ್ಲಿ. ಪಾಲಯ್ಯ ಇದ್ದಿದ್ರೆ ಅವನ ಹತ್ರ ಹೋಗ್ತಿದ್ದೆ."

ಗಂಡ ಹೋದ ಮೇಲೆ ಅವಳು ಯಾರ ಮುಂದೆಯೂ ಅತ್ತಿರಲಿಲ್ಲ. ಅವತ್ತೂ ಅಳಲಿಲ್ಲ. ನವಣೆಯನ್ನು ಚೀಲಕ್ಕೆ ಸುರಿದಳು, ಸೆರಗು ಹೊದ್ದಳು, ಅವನ ಮುಂದೆ ನಡೆದಳು. ಅವನು ಹಿಂದೆ ನಡೆದ.

ಗಣಿಯ ಕಚೇರಿಯ ಮುಂದೆ ಪಾಳಿ ಬದಲಾಗುವ ಹೊತ್ತು. ಗಾದ್ರಯ್ಯನ ಜೊತೆ ಅವಳನ್ನು ಕಂಡು ಜನ ನೆರೆದರು. ಮ್ಯಾನೇಜರ್ ಹೊರಗೆ ಬಂದ. ಅವಳ ಎದುರು ಅವನಿಗೆ ಯಾವತ್ತೂ ಕಣ್ಣೆತ್ತಲು ಆಗುತ್ತಿರಲಿಲ್ಲವಂತೆ. ಮೇಣ ಕರಗಿದ ಸುದ್ದಿ ಕೇಳಿ, ನಿನ್ನ ಗಂಡನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತಲೇ ನಿಲ್ಲಿಸುವುದು ಬೇಡ ಅಂದಿದ್ದೇನೆ ತಾಯಿ ಅಂದ. ನೆರೆದವರಲ್ಲೂ ಹೌದು ಹೌದು ಅಂದವರಿದ್ದರು.

ಮಾರಕ್ಕ ಹೇಳಿದಳು: "ಅವನ ಹೆಸರು ಹೇಳಿ ಈ ಕೆಲಸ ನಿಲ್ಲಿಸಬ್ಯಾಡ್ರಿ. ಅವನು ಈ ಕೆಲಸ ಮಾಡ್ತಾನೇ ಸತ್ತ. ಬಿಲ್ಲೆ ನೋಡಿದ್ರಿ, ಮನುಷ್ಯನ್ನ ನೋಡಲಿಲ್ಲ. ನಾಳೆ ನಿಲ್ಲಿಸ್ರಿ. ಯಾರು ಬಂದ್ರು, ಯಾರು ಬರಲಿಲ್ಲ ಅಂತ ನಾನು ನೋಡ್ತೀನಿ."

"ನಿನಗೆ ಅಕ್ಷರ ಬರಲ್ಲವಲ್ಲಮ್ಮ," ಅಂದ ಗುಮಾಸ್ತ.

"ಇವರೆಲ್ಲರ ಹೆಸರು ಬರ್ತದೆ," ಅಂದಳು.

ಮರುದಿನ ಸೈರನ್ ಕೂಗಿತು. ಆಳುಗಳೆಲ್ಲ ಮೇಲೆ ಬಂದರು. ಹಲಗೆ ತುಂಬಿತು. ಹಲಗೆಯ ಕಡೆ ಮಾರಕ್ಕ ತಿರುಗಿಯೂ ನೋಡಲಿಲ್ಲ. ಗಣಿಯ ಬಾಯಿಯ ಕಟ್ಟೆಯ ಮೇಲೆ ನಿಂತು ಒಳಕ್ಕೆ ಮುಖ ಮಾಡಿ ಮೊದಲ ಹೆಸರು ಕೂಗಿದಳು.

"ಪಾಲಯ್ಯಾ!"

ಜನ ಬೆಚ್ಚಿದರು. ಪಾಪ, ಇವಳಿಗೆ ತಲೆ ಕೆಟ್ಟಿದೆ ಅಂದುಕೊಂಡರು. ಅವಳು ಕಾದಳು. ತಳದಿಂದ ಒಬ್ಬ ಮನುಷ್ಯ ಏಣಿ ಹತ್ತಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದಳು. ಒಳಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಎರಡನೆಯ ಹೆಸರು ಕೂಗಿದಳು. "ಬಂದಿದೀನಿ ಅಕ್ಕಾ" ಅಂದ ಆ ಹೆಸರಿನವನು. ಮೂರನೆಯದು ಕೂಗಿದಳು. ಹಾಗೆ ತೊಂಬತ್ತು ಜನರನ್ನೂ ಒಬ್ಬೊಬ್ಬರನ್ನೇ ಕೂಗಿ, ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ಗಾದ್ರಯ್ಯನ ಕಡೆ ನೋಡದೆಯೇ ತಲೆಯಾಡಿಸಿದಳು.

ಗಾದ್ರಯ್ಯ ಹಿಡಿಗೆ ಕೈ ಹಾಕಿದ. ಎರಡೂ ಕೈಯಲ್ಲಿ ಹಿಡಿದು ಇಳಿಸಿದ.

ಆ ಸ್ವಿಚ್ಚನ್ನು ಬಿಚ್ಚಿ ನೋಡಿದರೆ ದೊಡ್ಡದೇನೂ ಇರಲಿಲ್ಲ. ಒಂದು ನಟ್ಟು ಸಡಿಲವಾಗಿತ್ತು. ಅದರ ಸುತ್ತ ಉಗುರಿನಷ್ಟು ಕಪ್ಪಾಗಿತ್ತು. ಅವನು ಉಜ್ಜಿದ, ಬಿಗಿದ, ಹೊಸ ಮೇಣ ಅಂಟಿಸಿದ. ಎದ್ದು ನಿಂತ. ಒಂದು ನಟ್ಟಿಗಾಗಿ ಇಷ್ಟೆಲ್ಲವೇ ಅಂತ ಯಾರೋ ಹಿಂದಿನಿಂದ ಅಂದರಂತೆ. ಗಾದ್ರಯ್ಯ ತಿರುಗಿ ನೋಡಲಿಲ್ಲ. ಅವತ್ತು ಅವನು ನಗಲೂ ಇಲ್ಲ.

ಆ ಮೇಲೆ ಪ್ರತಿ ಅಮಾವಾಸ್ಯೆಗೂ ಕರೆಂಟು ನಿಲ್ಲಿಸುವುದು ಮತ್ತೆ ಶುರುವಾಯಿತು, ತಿಂಗಳು ತಿಂಗಳೂ ಹಾಗೇ ನಡೆಯಿತು. ಮಾರಕ್ಕ ಬರುತ್ತಿದ್ದಳು, ಗಂಡನ ಹೆಸರು ಮೊದಲು ಕೂಗುತ್ತಿದ್ದಳು, ಕಾಯುತ್ತಿದ್ದಳು, ಉಳಿದವರನ್ನು ಕೂಗುತ್ತಿದ್ದಳು, ಹೋಗುತ್ತಿದ್ದಳು. ಗಾದ್ರಯ್ಯನೊಡನೆ ಒಂದು ಮಾತೂ ಆಡುತ್ತಿರಲಿಲ್ಲ. ಅವಳ ಹೆಣ್ಣುಮಕ್ಕಳ ಮದುವೆಯಾಯಿತು, ಅವನನ್ನು ಕರೆಯಲಿಲ್ಲ. ಅವನು ಬೇಲಿಯ ಆಚೆ ನಿಂತು ಕೈಮುಗಿದು ಹೋದನಂತೆ. ಅವಳು ಕ್ಷಮಿಸಿದಳೋ ಇಲ್ಲವೋ, ಅದನ್ನು ಯಾರೂ ಹೇಳಲಾರರು. ಅವಳು ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ, ಅಷ್ಟು ಮಾತ್ರ ಎಲ್ಲರೂ ಹೇಳುತ್ತಾರೆ.

ಅವಳು ತೀರಿಹೋದ ಮೇಲೆ ಕಟ್ಟೆಯ ಮೇಲೆ ಗಾದ್ರಯ್ಯನೇ ನಿಂತ. ಹಿಡಿ ಇಳಿಸುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ಕೂಗುವ ಕೆಲಸವನ್ನು ತಾನು ಇಟ್ಟುಕೊಂಡ. ಅವನು ಮೊದಲ ಹೆಸರು ಕೂಗಿ ಮಾರಕ್ಕನಿಗಿಂತ ಹೆಚ್ಚು ಹೊತ್ತು ಕಾಯುತ್ತಿದ್ದನಂತೆ. ವಯಸ್ಸಾದಂತೆ ಅದು ಉದ್ದವಾಗುತ್ತಾ ಹೋಯಿತಂತೆ. ಪಾಳಿಯವರು ಬಿಸಿಲಲ್ಲಿ ನಿಂತು 'ಸಾಕು ಅಜ್ಜ' ಅನ್ನುವ ತನಕ ಒಳಗೇ ಕಿವಿ ಕೊಟ್ಟು ನಿಲ್ಲುತ್ತಿದ್ದನಂತೆ.

ಅದಾದ ಮೇಲೆ ಆ ಗಣಿ ಕರೆಂಟು ಹೋಗಿ ಒಂದು ಜೀವವನ್ನೂ ನುಂಗಲಿಲ್ಲ ಅಂತಾರೆ. ಕಾಲ ಕಳೆಯಿತು, ತಾಮ್ರ ಮುಗಿಯಿತು, ಪಂಪುಗಳನ್ನು ಕಿತ್ತುಕೊಂಡು ಹೋದರು. ಗುಡ್ಡದ ನೀರು ನಿಧಾನವಾಗಿ ಏರಿ ಗಣಿಯ ಬಾಯಿಯ ತನಕ ತುಂಬಿತು. ಅದು ತುಂಬಿದ ವರ್ಷವೇ ಗಾದ್ರಯ್ಯ ಹೋದ ಅನ್ನುವವರಿದ್ದಾರೆ. ಅದಕ್ಕೂ ಮೊದಲೇ ಹೋಗಿದ್ದ ಅನ್ನುವವರೂ ಇದ್ದಾರೆ.

ಈಗ ಆ ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತವೆ. ಕೆಳಗೆ ಊರಲ್ಲಿ ಹಿಟ್ಟಿನ ಗಿರಣಿ ಇದೆ, ಹೊಲಹೊಲಕ್ಕೂ ಬೋರ್‌ವೆಲ್ ಇದೆ, ದಾರಿಗೊಂದು ಟ್ರಾನ್ಸ್‌ಫಾರ್ಮರ್ ಇದೆ. ಪಚ್ಚೆಕಲ್ಲಹಟ್ಟಿಯಲ್ಲಿ ಯಾರೇ ಆಗಲಿ, ರಿಪೇರಿಗೆ ಅಂತ ಕರೆಂಟಿನ ಹಿಡಿ ಇಳಿಸುವ ಮೊದಲು ಜೊತೆಯವರ ಹೆಸರು ಕೂಗುತ್ತಾರೆ. ಎಲ್ಲರಿಗಿಂತ ಮೊದಲು ಪಾಲಯ್ಯನ ಹೆಸರು. ಕೂಗಿ, ಒಂದು ಏಣಿ ಹತ್ತಿ ಬರುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಾರೆ. ಅದಕ್ಕೆ ಗಾದ್ರಯ್ಯನ ಹೊತ್ತು ಅಂತ ಹೆಸರು. ಗಾಳಿಯಂತ್ರದ ಕೆಲಸಕ್ಕೆ ದೂರದಿಂದ ಬಂದವರು ಮೊದಮೊದಲು, ಈ ಪಾಲಯ್ಯ ಯಾರು, ಹಾಜರಿಯಲ್ಲಿ ಹೆಸರೇ ಇಲ್ಲವಲ್ಲ ಅಂತ ಕೇಳುತ್ತಿದ್ದರು. ಈಗ ಅವರೂ ಕೂಗುತ್ತಾರೆ. ಕೂಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಗಾಳಿಯ ಸದ್ದಿನ ನಡುವೆ, ಉತ್ತರ ಬಂದೀತೇನೋ ಅನ್ನುವ ಹಾಗೆ ಕಾಯುತ್ತಾರೆ.